ಜನಾಂಗಭೇದದ ಅಂಗೀಕಾರ: ಸಿದ್ದಿ ಸಮುದಾಯದ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು

ಜನಾಂಗಭೇದವನ್ನು ಕುರಿತ ಕನ್ನಡದ ಚರ್ಚೆ ಬಹುಮಟ್ಟಿಗೆ ಅನ್ಯದೇಶಗಳನ್ನು ಕುರಿತದ್ದು. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿ, ಅಮೆರಿಕೆಯ ಗುಲಾಮಗಿರಿ ನಮಗೆ ಪರಿಚಿತ ವಿಷಯಗಳು. ಸ್ವದೇಶದ ಅಸಮಾನತೆಯ ಪ್ರಶ್ನೆ ಬಂದಾಗ ಜಾತಿಯನ್ನು ಮುಂದಿಡುತ್ತೇವೆ. ಅದು ಅಗತ್ಯವೇ ಹೌದು. ಆದರೆ ಸಂವಿಧಾನದ 15ನೆಯ ಅನುಚ್ಛೇದ ಜಾತಿಯೊಡನೆ ‘ಮೂಲವಂಶ’ವನ್ನೂ ಪ್ರತ್ಯೇಕವಾಗಿ ಹೆಸರಿಸಿದೆ. ಜಾತಿಯ ಚೌಕಟ್ಟಿನಲ್ಲಿ ಪೂರ್ಣವಾಗಿ ಅಡಕವಾಗದ, ಮೈಬಣ್ಣ ಮತ್ತು ಮುಖಲಕ್ಷಣಗಳನ್ನು ಆಧರಿಸಿದ ತಾರತಮ್ಯ ನಮ್ಮಲ್ಲಿಯೂ ಇದೆ ಎಂಬುದನ್ನು ಒಪ್ಪಿಕೊಳ್ಳಲು ನಮ್ಮ ವಿದ್ವತ್ತು ಹಿಂಜರಿದಿದೆ. ಈ ಹಿಂಜರಿಕೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಮುಂತಾದ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿಯರು ಆಫ್ರಿಕಾ ಮೂಲದವರು. ಹಿಂದೂ, ಮುಸ್ಲಿಂ, ಕ್ರೈಸ್ತ ಈ ಮೂರೂ ಧರ್ಮಗಳಿಗೆ ಸೇರಿದವರು ಅವರಲ್ಲಿದ್ದಾರೆ. ಇವರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಗೋವೆಯಿಂದ ಕಾಡು ಸೇರಿದ ಗುಲಾಮರು. ಗುಲಾಮಗಿರಿಯ ಹೊಣೆಯನ್ನು ಪೋರ್ಚುಗೀಸರ ಮೇಲೆ ಹೊರಿಸಿ ಸುಮ್ಮನಾಗುವುದು ಸುಲಭ. ಆದರೆ ದಖನ್ನಿನ ದೇಶೀಯ ಪ್ರಭುಗಳೂ ಆಫ್ರಿಕನ್ ಗುಲಾಮರನ್ನು ಕೊಂಡವರೇ. ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದನಗರದ ಆಡಳಿತಸೂತ್ರ ಹಿಡಿದದ್ದು, 17ನೆಯ ಶತಮಾನದ ಬಿಜಾಪುರದಲ್ಲಿ ಹಬಶಿ ಇಖ್ಲಾಸ್ ಖಾನ್ ಪ್ರಧಾನಿಯಾದದ್ದು ಐತಿಹಾಸಿಕ ಸತ್ಯ. ಆದರೆ ಇವು ಇಲ್ಲಿ ಜನಾಂಗಭೇದವಿರಲಿಲ್ಲ ಎಂಬುದಕ್ಕೆ ಸಾಕ್ಷ್ಯವಾಗಲಾರವು. ಕೆಲವರ ಏಳಿಗೆ ಹಲವರ ಮಾರಾಟವನ್ನು ಅಳಿಸುವುದಿಲ್ಲ.

ಸದುದ್ದೇಶದಲ್ಲಿಯೂ ಜನಾಂಗೀಯ ಗ್ರಹಿಕೆ ಅಡಗಿರಬಹುದು. 1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯೊಂದರಡಿ ಸಿದ್ದಿ ಮಕ್ಕಳನ್ನು ಓಟ ಮೊದಲಾದ ಕ್ರೀಡೆಗಳ ತರಬೇತಿಗೆ ಆಯ್ದುಕೊಂಡಿತು. ಆಫ್ರಿಕಾ ಮೂಲದ ದೇಹ ಸಹಜವಾಗಿಯೇ ಓಟಕ್ಕೆ ತಕ್ಕುದು ಎಂಬ ನಂಬಿಕೆ ಈ ಆಯ್ಕೆಯ ಹಿಂದಿತ್ತು. ಮುಂದೆ ಆ ಯೋಜನೆ ನಿಂತಿತು. ಕರ್ನಾಟಕದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ದೇಹವನ್ನು ಗುರುತಿಸಿದ ಎಷ್ಟೋ ವರ್ಷಗಳ ಅನಂತರ ಪ್ರಭುತ್ವ ಹಕ್ಕನ್ನು ಗುರುತಿಸಿತು.

ಇದು ಅರಣ್ಯದಂಚಿನ ಒಂದು ಸಮುದಾಯಕ್ಕೆ ಸೀಮಿತವಾದ ಸಂಗತಿಯಲ್ಲ. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರನ್ನು ತೊರೆದರು. ವದಂತಿ ಸುಳ್ಳಾಗಿರಬಹುದು, ಮುಖ ನೋಡಿ ತಮ್ಮನ್ನು ಹೊರಗಿನವರೆಂದು ಗುರುತಿಸುತ್ತಾರೆಂಬ ಅವರ ಅನುಭವ ಸುಳ್ಳಲ್ಲ. 2016ರ ಜನವರಿ ಅಂತ್ಯದಲ್ಲಿ ಅದೇ ನಗರದಲ್ಲಿ ಸುಡಾನಿನ ವ್ಯಕ್ತಿಯ ಕಾರಿಗೆ ಸಿಲುಕಿ ಮಹಿಳೆಯೊಬ್ಬರು ಮೃತಪಟ್ಟಾಗ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ಇದು ಜನಾಂಗೀಯ ದಾಳಿಯಲ್ಲವೆಂಬ ಸರ್ಕಾರಿ ಹೇಳಿಕೆಯೂ ಹೊರಬಂತು. ಬಣ್ಣವೊಂದನ್ನುಳಿದು ಆಕೆಯನ್ನು ಆ ಚಾಲಕನೊಡನೆ ಜೋಡಿಸಿದ್ದು ಬೇರೇನು? ಹೆಸರಿಸಲು ನಿರಾಕರಿಸುವುದೇ ಇಲ್ಲಿ ಸಮಸ್ಯೆಯ ಮೂಲ.

ಅಂಗೀಕಾರವೆಂದರೆ ಬರಿಯ ಪಶ್ಚಾತ್ತಾಪವಲ್ಲ. ಅದು ವಿವರಣೆಯ ಶಿಸ್ತು. ಸಿದ್ದಿಯರ ಡಮಾಮಿ ಕುಣಿತವನ್ನು ದಾಖಲಿಸುವ ಜಾನಪದ ಅಧ್ಯಯನ ಅವರ ಜಮೀನಿನ ಹಕ್ಕು, ಶಾಲೆಯಲ್ಲಿ ಎದುರಾಗುವ ಅಡ್ಡಹೆಸರು, ಗುಲಾಮಗಿರಿಯ ನೆನಪು ಇವುಗಳನ್ನೂ ದಾಖಲಿಸಬೇಕು. ಜನಾಂಗಭೇದವೆಂಬ ಪದವನ್ನು ಅನ್ಯದೇಶಗಳಿಗೆ ಮೀಸಲಿಡದೆ ಇಲ್ಲಿನ ವಾಸ್ತವಕ್ಕೆ ಅನ್ವಯಿಸುವುದು ಕನ್ನಡ ಅಧ್ಯಯನದ ಹೊಣೆಗಾರಿಕೆಯಾಗಿದೆ.