ಮಳೆ ಅಳೆಯೋಣ ಬನ್ನಿ

ಮಳೆ ಬಂತು. ಎಷ್ಟು ಬಂತು?

ಯಾರಾದರೂ ಹೀಗೆ ಕೇಳಿದರೆ ನಾವು ಏನು ಹೇಳುತ್ತೇವೆ? "ಜೋರು ಮಳೆ" ಅನ್ನುತ್ತೇವೆ. "ಬರೀ ತುಂತುರು" ಅನ್ನುತ್ತೇವೆ. "ಅಂಗಳದ ಒರಳು ತುಂಬಿತು" ಅನ್ನುತ್ತೇವೆ. ಆದರೆ ನಿಮ್ಮ ಮನೆ ಒರಳು ದೊಡ್ಡದು. ಪಕ್ಕದ ಮನೆಯದು ಚಿಕ್ಕದು. ಯಾರ ಲೆಕ್ಕ ಸರಿ?

ಶಾಲೆಯಲ್ಲಿ ನಾವು ಮಕ್ಕಳಿಗೆ ಮಳೆ ಅಳೆಯಲು ಕಲಿಸುತ್ತೇವೆ. ವಿಜ್ಞಾನ ಬರೀ ಪುಸ್ತಕದಲ್ಲಿ ಇಲ್ಲ. ಮಳೆ, ಗಾಳಿ, ಬಿಸಿಲು ಎಲ್ಲವೂ ಪಾಠವೇ. ಅಕ್ಕಂದಿರೇ, ಈ ಪಾಠವನ್ನು ನೀವೂ ಕಲಿಯಬಹುದು.

ಮಳೆಮಾಪಕ ಮಾಡುವುದು

ಮಳೆ ಅಳೆಯುವ ಪಾತ್ರೆಗೆ ಮಳೆಮಾಪಕ ಎಂದು ಹೆಸರು. ಇದು ಬಹಳ ಹಳೆಯದು. ಉಗ್ರಾಣದ ಮುಂದೆ ಪಾತ್ರೆ ಇಟ್ಟು ಮಳೆ ಅಳೆಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಹೇಳಿದೆ. ನಾವು ಅದನ್ನು ಮನೆಯಲ್ಲೇ ಮಾಡೋಣ.

1. ಎರಡು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ ತನ್ನಿ. ಅದರ ಮೈ ನೆಟ್ಟಗಿರಬೇಕು.
2. ಮೇಲೆ ಬಾಟಲಿ ಕಿರಿದಾಗುವ ಕಡೆ ಕತ್ತರಿಸಿ. ಮುಚ್ಚಳ ತೆಗೆಯಿರಿ. ಆ ತುಂಡನ್ನು ತಲೆಕೆಳಗು ಮಾಡಿ ಬಾಟಲಿಯ ಬಾಯಿಗೆ ಕೂರಿಸಿ. ಅದೇ ಲಾಳಿಕೆ.
3. ತಳದಲ್ಲಿ ಸಣ್ಣ ಕಲ್ಲು ಹಾಕಿ. ಕಲ್ಲು ಮುಳುಗುವ ಹಾಗೆ, ಬಾಟಲಿಯ ಮೈ ನೆಟ್ಟಗಾಗುವ ತನಕ ನೀರು ಹಾಕಿ. ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ. ಅದೇ ಸೊನ್ನೆ.
4. ಮಕ್ಕಳ ಸ್ಕೇಲನ್ನು ಹೊರಗಿನಿಂದ ಅಂಟಿಸಿ. ಸ್ಕೇಲಿನ ಸೊನ್ನೆ ಈ ಗೆರೆಗೆ ಸರಿಯಾಗಿರಲಿ. ಸ್ಕೇಲಿನ ಒಂದು ಸಣ್ಣ ಗೆರೆ ಎಂದರೆ ಒಂದು ಮಿಲಿಮೀಟರ್.

ಇದನ್ನು ಬಯಲಿನಲ್ಲಿ ಇಡಿ. ಮರದ ಕೆಳಗೆ, ಸೂರಿನ ಪಕ್ಕ ಬೇಡ. ಗಾಳಿಗೆ ಬೀಳದಂತೆ ಸುತ್ತ ಇಟ್ಟಿಗೆ ಇಡಿ. ದಿನವೂ ಬೆಳಿಗ್ಗೆ 8.30ಕ್ಕೆ ನೋಡಿ, ಬರೆದುಕೊಳ್ಳಿ. ಹವಾಮಾನ ಇಲಾಖೆಯವರು ನೋಡುವುದೂ ಅದೇ ಹೊತ್ತಿಗೆ. ಬರೆದ ಮೇಲೆ ಹೆಚ್ಚಿನ ನೀರು ಚೆಲ್ಲಿ. ನೀರು ಮತ್ತೆ ಸೊನ್ನೆಗೆ ಬರಬೇಕು.

ಕೊಡದಲ್ಲಿ ಯಾಕೆ ಅಳೆಯಬಾರದು?

ಕೊಡದ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಚಿಕ್ಕ ಬಾಯಲ್ಲಿ ಬಿದ್ದ ಮಳೆ ದೊಡ್ಡ ಹೊಟ್ಟೆಯಲ್ಲಿ ಹರಡುತ್ತದೆ. ಆಗ ಮಳೆ ಕಡಿಮೆ ಕಾಣುತ್ತದೆ. ಒರಳಿನ ಬಾಯಿ ಅಗಲ, ತಳ ಕಿರಿದು. ಅಲ್ಲಿ ಮಳೆ ಹೆಚ್ಚು ಕಾಣುತ್ತದೆ. ಬಾಯಿಂದ ತಳದವರೆಗೆ ಒಂದೇ ಅಗಲ ಇದ್ದರೆ ಮೋಸವಿಲ್ಲ. ಅಂಥ ದೊಡ್ಡ ಡಬ್ಬ, ಚಿಕ್ಕ ಡಬ್ಬ ಎರಡನ್ನೂ ಮಳೆಯಲ್ಲಿಟ್ಟು ನೋಡಿ. ಎರಡರಲ್ಲೂ ನೀರಿನ ಎತ್ತರ ಒಂದೇ ಇರುತ್ತದೆ.

ಬಿತ್ತೋದಾ, ಕಾಯೋದಾ?

ಒಂದು ಮನೆಯ ಮಾತು ಕೇಳಿ. ರಾತ್ರಿ ಗುಡುಗು ಸಿಡಿಲಿನ ಮಳೆ ಬಂದಿದೆ. ಬೆಳಗಾಗಿದೆ.

"ರಾತ್ರಿ ಭಾರಿ ಮಳೆ ಕಣೆ. ಇವತ್ತೇ ಶೇಂಗಾ ಬಿತ್ತಿಬಿಡೋಣ" ಅಂದ ಗಂಡ.

ಶಾಲೆಗೆ ಹೋಗುವ ಮಗಳು ಮಳೆಮಾಪಕ ನೋಡಿ ಬಂದಳು. "ಅಮ್ಮ, ಒಂಬತ್ತೇ ಮಿಲಿಮೀಟರ್!" ಅಂದಳು.

ತಾಯಿಯೂ ಹೋಗಿ ನೋಡಿದಳು. ಅವಳಿಗೆ ಈಗ ಅಂಕಿ ಓದಲು ಬರುತ್ತದೆ. ಒಂಬತ್ತೇ.

"ಸದ್ದು ಜೋರು, ನೀರು ಕಮ್ಮಿ ರೀ. ಬನ್ನಿ, ಹೊಲದಲ್ಲಿ ಅಗೆದು ನೋಡೋಣ" ಅಂದಳು.

ಅಗೆದರು. ಮೇಲೆ ಹಸಿ ಇತ್ತು. ಒಂದು ಗೇಣು ಕೆಳಗೆ ಒಣ ಮಣ್ಣು.

"ಬೀಜ ಮೊಳಕೆ ಒಡೆದು ಒಣಗಿದರೆ ಮತ್ತೆ ಬೀಜಕ್ಕೆ ಸಾಲ ಮಾಡಬೇಕು. ಇನ್ನೊಂದು ಮಳೆ ಕಾಯೋಣ" ಅಂದಳು.

ಗಂಡ ಮಣ್ಣು ಹಿಸುಕಿ ನೋಡಿದ. "ನೀನು ಹೇಳೋದೂ ಸರಿ" ಅಂದ.

ಯಾವ ಮಣ್ಣಿಗೆ, ಯಾವ ಬೆಳೆಗೆ ಎಷ್ಟು ಮಳೆ ಆದರೆ ಬಿತ್ತಬಹುದು? ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ನಿಮ್ಮ ಕೈಯಲ್ಲಿ ಅಂಕಿ ಇದ್ದರೆ ಕೇಳುವುದು ಸುಲಭ.

ಕೊಡದ ಲೆಕ್ಕ

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮ ಮಾಡು 5 ಮೀಟರ್ ಉದ್ದ, 4 ಮೀಟರ್ ಅಗಲ ಇದೆ ಎನ್ನಿ. 10 ಮಿಲಿಮೀಟರ್ ಮಳೆಗೆ ಅದರ ಮೇಲೆ 200 ಲೀಟರ್ ನೀರು ಬೀಳುತ್ತದೆ. ಹತ್ತು ಲೀಟರಿನ ಕೊಡದಲ್ಲಿ ಅದು 20 ಕೊಡ! ನೀರಿಗಾಗಿ ಎಷ್ಟು ದೂರ ನಡೆಯುತ್ತೇವೆ, ಯೋಚಿಸಿ.

ನಮ್ಮ ನಾಡಿನ ಮಳೆ

ಮಳೆ ಎಲ್ಲ ಕಡೆ ಒಂದೇ ಅಲ್ಲ. ಮಲೆನಾಡಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಬಯಲುಸೀಮೆಯ ಚಳ್ಳಕೆರೆಯಲ್ಲಿ 500 ಮುಟ್ಟುವುದೂ ಕಷ್ಟ. ರೇಡಿಯೋದಲ್ಲಿ "ಭಾರಿ ಮಳೆ" ಎಂದರೆ ಒಂದು ದಿನದಲ್ಲಿ 64.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಎಂದು ಅರ್ಥ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲೂ ಸರ್ಕಾರ ಮಳೆಮಾಪಕ ಹಾಕಿದೆ. ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ? ಕೇಳಿ ತಿಳಿಯಿರಿ. ಅದರ ಅಂಕಿಯನ್ನು ನಿಮ್ಮ ಅಂಕಿಯ ಜೊತೆ ಹೋಲಿಸಿ.

ಎಚ್ಚರ: ಗುಡುಗು ಕೇಳಿದರೆ ಮಳೆಮಾಪಕ ನೋಡಲು ಹೊರಗೆ ಹೋಗಬೇಡಿ. ಮಕ್ಕಳನ್ನೂ ಕಳಿಸಬೇಡಿ. ಮರದ ಕೆಳಗೆ ನಿಲ್ಲಬೇಡಿ. ಮನೆಯೊಳಗೆ ಇರಿ.

ಓದಿ, ಬರೆಯಿರಿ

ಮಳೆ, ಮಳೆಮಾಪಕ, ಲಾಳಿಕೆ, ಅಳತೆ, ಸೊನ್ನೆ, ಬಿತ್ತನೆ

ಉತ್ತರ ಹೇಳಿ

1. ಕೊಡದಲ್ಲಿ ಮಳೆ ಅಳೆದರೆ ಯಾಕೆ ತಪ್ಪಾಗುತ್ತದೆ?
2. ತಾಯಿ ಬಿತ್ತನೆ ಯಾಕೆ ಬೇಡ ಎಂದಳು?
3. ಅದೇ ಮಾಡಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ಕೊಡ ನೀರು?

ನೀವೇ ಮಾಡಿ

ಒಂದು ವಾರ ಮಳೆ ಅಳೆಯಿರಿ. ದಿನ, ಮಳೆ ಎಷ್ಟು ಎಂದು ಬರೆಯಿರಿ. ಮಳೆ ಬಾರದ ದಿನ ಸೊನ್ನೆ ಬರೆಯಿರಿ. ಸೊನ್ನೆಯೂ ಲೆಕ್ಕವೇ. ಕೆಳಗೆ ನಿಮ್ಮ ಹೆಸರು ಬರೆಯಿರಿ. ವಾರದ ಕೊನೆಗೆ ಕಲಿಕಾ ಕೇಂದ್ರದಲ್ಲಿ ಎಲ್ಲರೂ ಓದಿ ಹೇಳಿ.