ಕಾಲು ಇದ್ದಷ್ಟು ಹಾಸಿಗೆ

ಮ್ಯಾರಥಾನ್ ಓಡುವ ಹವ್ಯಾಸಿಗಳ ದುಡ್ಡು ಕೈಬಿಡುವ ಕ್ರಮ ಬಹುತೇಕ ಒಂದೇ. ಮೊದಲು ನೋಂದಣಿ, ಅದೂ ಅರ್ಲಿ ಬರ್ಡ್ ರಿಯಾಯಿತಿ ಮುಗಿಯುವ ರಾತ್ರಿ. ಅದರ ಬೆನ್ನಿಗೆ ವಿಮಾನದ ಟಿಕೆಟ್, ಆಮೇಲೆ ಹೋಟೆಲು, ಸೇಲ್‌ನಲ್ಲಿ ಸಿಕ್ಕಿದ ಶೂ, ಒಂದು ಡಬ್ಬ ಜೆಲ್. ಇಷ್ಟೆಲ್ಲ ಆದಮೇಲೆ ತರಬೇತಿ ಶುರು. ವರ್ಷಗಳಿಂದ ಓಡುತ್ತ, ಓಟದ ಖರ್ಚನ್ನು ಮನೆಖರ್ಚಿನ ಪಕ್ಕದಲ್ಲೇ ಬರೆದಿಡುತ್ತ ಬಂದವನಾಗಿ ನನಗೆ ಈ ಕ್ರಮವೇ ತಲೆಕೆಳಗು ಅನ್ನಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಸಂಸಾರಕ್ಕೆ ಸರಿ. ಮ್ಯಾರಥಾನಿಗೆ ಕಾಲು ಎಷ್ಟಿದೆಯೆಂದು ನೋಡಿಕೊಂಡು ಹಾಸಿಗೆ ಹಾಸಬೇಕು. ಕಿಲೋಮೀಟರು ಮುಂದೆ ಹೋಗಲಿ, ದುಡ್ಡು ಹಿಂದೆ ಬರಲಿ. ವಾಪಸ್ ಬಾರದ ಹಣವನ್ನು ಎಷ್ಟು ತಡವಾಗಿ ಕೊಡಲು ಸಾಧ್ಯವೋ ಅಷ್ಟು ತಡವಾಗಿ ಕೊಡುವುದೇ ಲಾಭ, ರಿಯಾಯಿತಿ ಕೈತಪ್ಪಿದರೂ.

ಲೆಕ್ಕ ಹಾಕಿಯೇ ನೋಡೋಣ. ಒಂದು ಓಟದ ಅರ್ಲಿ ಬರ್ಡ್ ಶುಲ್ಕ 2,000 ರೂಪಾಯಿ, ಕೊನೆಯ ಹಂತದ ಶುಲ್ಕ 2,600 ಎಂದಿಟ್ಟುಕೊಳ್ಳಿ. ಮೇಲ್ನೋಟಕ್ಕೆ 600 ಉಳಿಯಿತು. ಆದರೆ ನೋಂದಣಿ ನಮೂನೆಯ ತುದಿಯಲ್ಲಿ, ಹಣ ಕಟ್ಟುವ ಗುಂಡಿಗಿಂತ ಸ್ವಲ್ಪ ಮೇಲೆ, ಒಂದು ಪುಟ್ಟ ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕದೆ ಪುಟ ಮುಂದಕ್ಕೆ ಹೋಗುವುದಿಲ್ಲ. ಶುಲ್ಕ ಹಿಂದಿರುಗಿಸುವುದಿಲ್ಲ, ಬಿಬ್ (ಎದೆಗೆ ಹಚ್ಚಿಕೊಳ್ಳುವ ಸಂಖ್ಯೆಯ ಚೀಟಿ) ಬೇರೆಯವರಿಗೆ ಕೊಡುವಂತಿಲ್ಲ ಎಂದು ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆ 600 ರೂಪಾಯಿ ಉಡುಗೊರೆಯೇನಲ್ಲ. ಮನಸ್ಸು ಬದಲಿಸುವ ನಿಮ್ಮ ಹಕ್ಕನ್ನು ಆಯೋಜಕರು ತಿಂಗಳುಗಳ ಮೊದಲೇ ಕೊಂಡುಕೊಂಡ ಬೆಲೆ. ಆ ಬೆಲೆ ಗಿಟ್ಟುತ್ತದೆಯೇ? ಕಾದು ಕಟ್ಟುವವನು ಓಡುವುದು ಖಾತ್ರಿಯಾದರಷ್ಟೇ 2,600 ಕೊಡುತ್ತಾನೆ, ಇಲ್ಲದಿದ್ದರೆ ಏನೂ ಇಲ್ಲ. ಭಾಗಾಕಾರ ಮಾಡಿದರೆ ಗಡಿ ಶೇ 23ರ ಬಳಿ ಬೀಳುತ್ತದೆ. ಓಟದ ದಿನ ನೀವು ಆರಂಭದ ಗೆರೆಯಲ್ಲಿ ನಿಲ್ಲದಿರುವ ಸಾಧ್ಯತೆ ನಾಲ್ಕರಲ್ಲಿ ಒಂದರಷ್ಟಿದ್ದರೆ ರಿಯಾಯಿತಿಯೇ ದುಬಾರಿ.

ನಾಲ್ಕರಲ್ಲಿ ಒಂದೆಂದರೆ ಅತಿಯಾಯಿತು ಎನ್ನಬಹುದು. ದೂರ ಓಡುವವರ ಕಾಲಿನ ಗಾಯಗಳ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2007ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್’ನಲ್ಲಿ ಒಂದು ಪರಾಮರ್ಶೆ ಪ್ರಕಟಿಸಿದರು. ಗಾಯದ ಪ್ರಮಾಣ ಒಂದೊಂದು ಅಧ್ಯಯನದಲ್ಲಿ ಒಂದೊಂದು ರೀತಿ, ಶೇ 19.4ರಿಂದ ಶೇ 79.3ರವರೆಗೆ. ಅಂತರ ಇಷ್ಟು ದೊಡ್ಡದಿರುವುದಕ್ಕೆ ಗಾಯ ಎಂದು ಯಾವುದನ್ನು ಕರೆಯುತ್ತೇವೆ ಎಂಬುದೂ ಕಾರಣ, ಮತ್ತು ಗಾಯವಾದವರೆಲ್ಲ ಓಟ ಬಿಡುವುದೂ ಇಲ್ಲ. ಆದರೆ ಓಟ ತಪ್ಪಿಸುವುದು ಮೊಣಕಾಲೊಂದೇ ಅಲ್ಲವಲ್ಲ. ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ. ಹದಿನೇಳು ವಾರದ ತರಬೇತಿ ಎಂದರೆ ಸೆಪ್ಟೆಂಬರ್ ಕೊನೆಗೆ ಆರಂಭ. ಅಲ್ಲಿಂದ ಮುಂದೆ ದಸರಾ, ದೀಪಾವಳಿ, ಹಿಂಗಾರು ಮಳೆ, ಕಾರ್ತಿಕ ಕಳೆದ ಮೇಲೆ ಸಾಲು ಮದುವೆಗಳು, ವರ್ಷಾಂತ್ಯಕ್ಕೆ ಮುಗಿಸಲೇಬೇಕಾದ ಆಫೀಸಿನ ಕೆಲಸ. ಇವುಗಳ ನಡುವೆ ಒಂದು ಡೆಂಗಿ ಬಂದರೆ ಸಾಕು, ಮೂರು ವಾರ ಹೋಯಿತು. ಹವ್ಯಾಸಿಗೆ ಓಟ ದಿನದ ಮೂರನೆಯ ಕೆಲಸ. ಮೊದಲೆರಡು ಯಾವಾಗ ಬೇಕಾದರೂ ಅದನ್ನು ಪಕ್ಕಕ್ಕೆ ತಳ್ಳಬಹುದು. ಇಷ್ಟನ್ನೆಲ್ಲ ಕೂಡಿಸಿದರೆ ನಾಲ್ಕರಲ್ಲಿ ಒಂದು ಎಂಬ ಅಂದಾಜು ನನಗಂತೂ ಅತಿಯೆನಿಸುವುದಿಲ್ಲ, ಅದರಲ್ಲೂ ಮೊದಲ ಸಲ ಪೂರ್ಣ ಮ್ಯಾರಥಾನಿಗೆ ಇಳಿಯುವವರ ವಿಷಯದಲ್ಲಿ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಬೇರೆಯೇ ಇದೆ: ದುಡ್ಡು ಕಟ್ಟಿದರೆ ತಾನೇ ಬೆಳಗಿನ ನಾಲ್ಕೂವರೆಗೆ ಏಳುವುದು? ಕಟ್ಟದಿದ್ದರೆ ಅಲಾರಂ ಆರಿಸಿ ಮಲಗುತ್ತೇವೆ. ಮಾತಿನಲ್ಲಿ ಸತ್ಯವಿದೆ, ಆದರೆ ಆ ಸತ್ಯಕ್ಕೆ ಆಯುಸ್ಸು ಕಡಿಮೆ. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದ ರಂಗಮಂದಿರದ ಸೀಸನ್ ಟಿಕೆಟ್‌ಗಳನ್ನು ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಯಲ್ಲಿ ಮಾರಲಾಯಿತು. ಪೂರ್ತಿ ಬೆಲೆ ತೆತ್ತವರು ಋತುವಿನ ಮೊದಲರ್ಧದಲ್ಲಿ ಹೆಚ್ಚು ನಾಟಕಗಳಿಗೆ ಹೋದರು. ಎರಡನೇ ಅರ್ಧದಲ್ಲಿ ಆ ವ್ಯತ್ಯಾಸ ಕರಗಿಹೋಯಿತು. ಇನ್ನೂ ಹತ್ತಿರದ ಉದಾಹರಣೆ ಜಿಮ್ಮಿನದು. ಅಮೆರಿಕದ ಜಿಮ್‌ಗಳ ದಾಖಲೆ ನೋಡಿ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ 2006ರಲ್ಲಿ ಬರೆದರು: ತಿಂಗಳಿಗೆ 70 ಡಾಲರ್‌ಗೂ ಮಿಗಿಲು ಕಟ್ಟುವ ಸದಸ್ಯರು ಹೋಗುತ್ತಿದ್ದದ್ದು ಎಷ್ಟು ಕಡಿಮೆಯೆಂದರೆ ಭೇಟಿಯೊಂದಕ್ಕೆ 17 ಡಾಲರ್‌ಗಿಂತ ಹೆಚ್ಚು ಬೀಳುತ್ತಿತ್ತು, ಹತ್ತು ಭೇಟಿಯ ಪಾಸು ಕೊಂಡಿದ್ದರೆ ಹತ್ತೇ ಡಾಲರ್‌ಗೆ ಮುಗಿಯುತ್ತಿತ್ತು. ಕಟ್ಟಿದ ದುಡ್ಡಿನ ಚುರುಕು ತಾಗುವುದು ಕಟ್ಟಿದ ಹೊಸತರಲ್ಲಿ. ಮ್ಯಾರಥಾನ್ ತರಬೇತಿಗೆ ಚುರುಕು ಬೇಕಾದದ್ದು ಕೊನೆಯ ಎಂಟು ವಾರಗಳಲ್ಲಿ, ಲಾಂಗ್ ರನ್ 26, 30, 32 ಕಿಲೋಮೀಟರಿಗೆ ಏರುವಾಗ. ಹಾಗಾಗಿ ಹಣವನ್ನು ಚಾಟಿಯಾಗಿ ಬಳಸುವವರೂ ಆಗಸ್ಟ್‌ನಲ್ಲಲ್ಲ, ನವೆಂಬರ್‌ನಲ್ಲಿ ಕಟ್ಟಬೇಕು. ಮುಂಜಾನೆ ಎಬ್ಬಿಸಲು ಕಬ್ಬನ್ ಪಾರ್ಕಿನ ಗೇಟಿನಲ್ಲಿ ಕಾಯುವ ಇಬ್ಬರು ಗೆಳೆಯರಿದ್ದರೆ ಸಾಕು, ಅವರು ಶುಲ್ಕವನ್ನೂ ಕೇಳುವುದಿಲ್ಲ.

ಮುಂಗಡ ಹಣದ ನಿಜವಾದ ನಷ್ಟ ಶುಲ್ಕದಲ್ಲಿಲ್ಲ, ಅದು ಎಳೆದು ತರುವುದರಲ್ಲಿದೆ. ಹೋದ ದುಡ್ಡು ಹೋಯಿತು ಎಂದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಅರ್ಥಶಾಸ್ತ್ರದವರು ಸಂಕ್ ಕಾಸ್ಟ್ ಫ್ಯಾಲಸಿ ಎನ್ನುವುದು ಇದನ್ನೇ. ಮೀನಖಂಡದಲ್ಲಿ ಹದಿನೈದು ದಿನದಿಂದ ಸೆಳೆತ ಇದ್ದರೂ ಬಿಬ್, ವಿಮಾನ, ಹೋಟೆಲು ಎಲ್ಲಕ್ಕೂ ಕಟ್ಟಿಯಾಗಿದೆ ಎಂಬ ಒಂದೇ ಕಾರಣಕ್ಕೆ ಜನ ಓಡುತ್ತಾರೆ. 2,000 ರೂಪಾಯಿ ದಂಡವಾಗದಿರಲಿ ಎಂದು ಓಡಿದವರು ಆಮೇಲೆ ಎಂಆರ್‌ಐ ಮತ್ತು ತಿಂಗಳುಗಟ್ಟಲೆ ಫಿಸಿಯೊಗೆ ಅದರ ಹತ್ತಿಪ್ಪತ್ತು ಪಟ್ಟು ಕೊಡುತ್ತಾರೆ. ಆಸ್ಪತ್ರೆ ಸೇರಿದರೆ ಮಾತ್ರ ಹಣ ಕೊಡುವ ಸಾಮಾನ್ಯ ಆರೋಗ್ಯ ವಿಮೆ ಹೊರರೋಗಿ ಫಿಸಿಯೊಥೆರಪಿಯನ್ನು ಬಹುತೇಕ ಭರಿಸುವುದಿಲ್ಲ. ಅದು ಪೂರ್ತಿ ನಿಮ್ಮದೇ ಜೇಬು. ಇಲ್ಲಿ ಕಟ್ಟದೇ ಕಾದವನ ಲಾಭ ರೂಪಾಯಿಯಲ್ಲಿ ಕಾಣುವುದಕ್ಕಿಂತ ದೊಡ್ಡದು. ಅವನು ತನ್ನ ಕಾಲನ್ನು ಮಾತ್ರ ಕೇಳಿ ತೀರ್ಮಾನಿಸಬಲ್ಲ.

ಕಾಯುತ್ತ ಕೂತರೆ ಜಾಗವೇ ಸಿಗದಲ್ಲ ಎಂಬ ಮಾತೂ ನಿಜ. ದೊಡ್ಡ ಓಟಗಳು ಬೇಗ ಭರ್ತಿಯಾಗುತ್ತವೆ. ಲಂಡನ್ ಮ್ಯಾರಥಾನಿಗೆ ಚೀಟಿ ಎತ್ತಿ ಜಾಗ ಹಂಚುವ ಬ್ಯಾಲಟ್‌ಗೆ 2026ರ ಓಟಕ್ಕಾಗಿ 11 ಲಕ್ಷಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದ್ದರು; ಅಂಥಲ್ಲಿ ಹೆಸರು ಬಂದಾಗ ಹಣ ಕಟ್ಟಲೇಬೇಕು, ಕಾಯುವ ಪ್ರಶ್ನೆಯಿಲ್ಲ. ಒಪ್ಪುತ್ತೇನೆ. ಆದರೆ ಅಲ್ಲಿಯೂ ಮುಂಗಡ ಕಟ್ಟಬೇಕಾದದ್ದು ಜಾಗಕ್ಕೆ ಮಾತ್ರ. ಆ ಮೊತ್ತವನ್ನು ಕಟ್ಟಿದ ದಿನವೇ ಖರ್ಚು ಎಂದು ಬರೆದು ಮರೆತುಬಿಡಿ, ಉಳಿದದ್ದನ್ನು ತಡೆದು ಹಿಡಿಯಿರಿ. ಇಂಥ ಓಟವನ್ನು ಋತುವಿಗೆ ಒಂದಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ಮಾತ್ರ ನನಗೆ ದುಡ್ಡಿನ ದೃಷ್ಟಿಯಿಂದಲೂ ಕಾಲಿನ ದೃಷ್ಟಿಯಿಂದಲೂ ಅರ್ಥವಾಗದ ಸಂಗತಿ. ಸೆಪ್ಟೆಂಬರ್‌ನಿಂದ ಫೆಬ್ರುವರಿವರೆಗೆ ತಿಂಗಳಿಗೊಂದು ಬಿಬ್ ಕೂಡಿಹಾಕಿದವರು ತರಬೇತಿ ಮಾಡುವುದು ಯಾವಾಗ? ಒಂದು ಓಟದಿಂದ ಚೇತರಿಸಿಕೊಳ್ಳುವುದು, ಇನ್ನೊಂದಕ್ಕಾಗಿ ಓಟದ ದೂರ ಇಳಿಸುವುದು, ಇಷ್ಟರಲ್ಲೇ ಋತು ಮುಗಿಯುತ್ತದೆ. ಪದಕ ತೂಗುಹಾಕಲು ಗೋಡೆ ಬೇಕಿದ್ದರೆ ಸರಿ.

ಉಳಿದ ಖರ್ಚಿಗೂ ಇದೇ ಸೂತ್ರ ಹೊಂದುತ್ತದೆ. 2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಬುಕಿಂಗ್ ಅವಧಿಯನ್ನು 120 ದಿನದಿಂದ 60ಕ್ಕೆ ಇಳಿಸಿತು. ಅನೇಕರು ಗೊಣಗಿದರು, ಓಟಗಾರನಿಗೆ ಅದು ಅನುಕೂಲವೇ. ಜನವರಿಯ ಮುಂಬೈ ಓಟಕ್ಕೆ ಟಿಕೆಟ್ ತೆರೆಯುವುದು ನವೆಂಬರ್ ಮಧ್ಯದಲ್ಲಿ; ಅಷ್ಟರಲ್ಲಿ ತರಬೇತಿ ಅರ್ಧ ಮುಗಿದು ಕಾಲಿನ ಹಣೆಬರಹ ಸುಮಾರಾಗಿ ಗೊತ್ತಾಗಿರುತ್ತದೆ. ಬೇಗನೆ ರದ್ದು ಮಾಡಿದರೆ ಸ್ವಲ್ಪ ಕಡಿತವಾಗಿ ಬಾಕಿ ಹಣ ವಾಪಸ್ ಬರುತ್ತದೆ, ಅಗ್ಗದ ವಿಮಾನ ಟಿಕೆಟ್ಟಿನಂತಲ್ಲ. ಹೋಟೆಲಿಗೆ ನೂರಿನ್ನೂರು ಹೆಚ್ಚಾದರೂ ಉಚಿತವಾಗಿ ರದ್ದಾಗುವ ಕೋಣೆಯನ್ನೇ ಹಿಡಿಯಬೇಕು. ಶೂ ವಿಷಯದಲ್ಲಿ ಜಾಹೀರಾತಿಗಿಂತ ಕಿಲೋಮೀಟರ್ ಲೆಕ್ಕ ನಂಬಿಕಸ್ಥ. ವಾರಕ್ಕೆ ಸರಾಸರಿ 45 ಕಿಲೋಮೀಟರಿನಂತೆ ಹದಿನೇಳು ವಾರಕ್ಕೆ 765 ಆಯಿತು. ಒಂದು ಜೊತೆ 500ರಿಂದ 800 ಬಾಳುತ್ತದೆ ಎಂಬುದು ರೂಢಿಯ ಅಂದಾಜು. ಹಾಗಾಗಿ ಎರಡನೇ ಜೊತೆ ಬೇಕಾಗುವುದು, ಬೇಕಾದರೆ, ಡಿಸೆಂಬರ್‌ನಲ್ಲಿ. ಆಗಸ್ಟ್ ಸೇಲ್‌ನಲ್ಲಿ ಎರಡು ಕೊಂಡಿಟ್ಟು ಬರುವುದೇನಿಲ್ಲ. ದುಬಾರಿಯದು ಕಾಲನ್ನು ಹೆಚ್ಚು ಕಾಯುತ್ತದೆ ಎಂಬ ನಂಬಿಕೆಗೂ ಆಧಾರ ತೆಳು: ಸ್ಕಾಟ್ಲೆಂಡಿನ ಡಂಡಿಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಕಡಿಮೆ, ಮಧ್ಯಮ, ಹೆಚ್ಚಿನ ಬೆಲೆಯ ಓಟದ ಶೂಗಳ ನಡುವೆ ಅಂಗಾಲಿನ ಒತ್ತಡದಲ್ಲಾಗಲಿ ಹಿತದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಕಾರ್ಬನ್ ಪ್ಲೇಟಿನ ಶೂಗಳು ಜನಪ್ರಿಯವಾದದ್ದು ಅದಾದಮೇಲೆ, ಅವು ವೇಗ ಕೊಡುತ್ತವೆ ಎನ್ನುವುದಕ್ಕೆ ಪುರಾವೆಯೂ ಇದೆ. ಆದರೆ ಐದು ಗಂಟೆಯಲ್ಲಿ ಮುಗಿಸುವವನಿಗೆ ಆ ನಿಮಿಷಗಳ ಬೆಲೆ ಎಷ್ಟು ಎಂಬುದನ್ನು ಅವನೇ ಹೇಳಬೇಕು.

ಇಷ್ಟು ಲೆಕ್ಕ ಹಾಕಿದರೆ ಓಟದ ಖುಷಿ ಎಲ್ಲಿ ಉಳಿಯಿತು ಎಂದು ಕೇಳುವವರಿಗೆ: ಲೆಕ್ಕ ಋತುವಿಗೆ ಒಂದು ಸಂಜೆಯದು. ಅಂದಾಜು ಮೊತ್ತವನ್ನು ಸೆಪ್ಟೆಂಬರ್‌ನಿಂದ ತಿಂಗಳಿಗಿಷ್ಟು ಎಂದು ಬೇರೆ ಉಳಿತಾಯ ಖಾತೆಗೆ ಹಾಕಿ. ಬಡ್ಡಿ ಪುಡಿಗಾಸು, ಆದರೆ ಬೇಕಾದ ದಿನ ದುಡ್ಡು ಕೈಗೆ ಸಿಗುತ್ತದೆ. 24 ಕಿಲೋಮೀಟರಿನ ಲಾಂಗ್ ರನ್ ನೋವಿಲ್ಲದೆ ಮುಗಿದ ವಾರ ನೋಂದಣಿ ಮತ್ತು ರೈಲು, 30 ಮುಗಿದ ವಾರ ಹೋಟೆಲು ಖಾಯಂ. ನಡುವೆ ಕಾಲು ಕೈಕೊಟ್ಟರೆ ಪೂರ್ಣದಿಂದ ಹಾಫ್‌ಗೆ ಇಳಿಯಲು ಅವಕಾಶವಿದೆಯೇ, ಅದರ ಕೊನೆಯ ದಿನಾಂಕ ಯಾವುದು ಎಂಬುದನ್ನು ಆ ಪುಟ್ಟ ಚೌಕಕ್ಕೆ ಟಿಕ್ ಹಾಕುವ ಮೊದಲೇ ಓದಿಕೊಂಡು ಕ್ಯಾಲೆಂಡರಿನಲ್ಲಿ ಗುರುತಿಸಿಡಿ.