ಪಿಕಪ್ ಗಾಡಿಯ ಹೊಸ ಜೋಡಣೆಗಳೂ ಡೀಸೆಲ್ಲಿನ ಉಳಿತಾಯವೂ

ರಾಯಬಾಗ ತಾಲೂಕಿನ ಚಿಂಚಲಿಯ ಸುತ್ತಲಿನ ಗ್ರಾಮಗಳಲ್ಲಿ ಒಕ್ಕಲಿಗನ ಮಾಲನ್ನು ಪೇಟೆಗೆ ಮುಟ್ಟಿಸುವ ಕೆಲಸವು ಚಕ್ಕಡಿಯ ಕೈಬಿಟ್ಟು ಮೋಟಾರಿನ ಕೈಗೆ ಬಂದು ಬಹಳ ವರ್ಷಗಳಾದವು. ಭರತ ಹುಣ್ಣಿವೆಯ ಕಾಲಕ್ಕೆ ಮಾಯಕ್ಕದೇವಿಯ ಜಾತ್ರೆಗೆ ಕೊಲ್ಹಾಪುರ, ಸಾಂಗಲಿ ಕಡೆಗಳಿಂದ ಚಕ್ಕಡಿಗಳು ಈಗಲೂ ಬರುತ್ತಿರುವವಾದರೂ, ನಿಪ್ಪಾಣಿಗೆ ತಂಬಾಕನ್ನೂ ಸಾಂಗಲಿಗೆ ಅರಿಷಿಣವನ್ನೂ ಒಯ್ಯುವ ಭಾರವು ಇಂದು ಪಿಕಪ್ ಗಾಡಿಯ ಮೇಲೆ ಬಿದ್ದಿದೆ. 2005ರಲ್ಲಿ ಟಾಟಾ ಏಸ್ ಎಂಬ ಚಿಕ್ಕ ಗಾಡಿಯು ಪೇಟೆಗೆ ಬಂದ ಮೇಲಂತೂ ಮಧ್ಯಮ ಸ್ಥಿತಿಯ ಜಮೀನದಾರನೂ ಸ್ವಂತ ಗಾಡಿಯನ್ನಿಡುವಂತಾಯಿತು. ಬೊಲೆರೊ ಪಿಕಪ್ಪಿನಂಥ ದೊಡ್ಡ ಗಾಡಿಗಳು ಮಾದರಿಗನುಸಾರವಾಗಿ 1.3 ಟನ್ನಿನಿಂದ 1.7 ಟನ್ನಿನವರೆಗೆ ಹೇರುವ ಶಕ್ತಿಯುಳ್ಳವು.

ಗಾಡಿಯೊಂದಿಗೆ ಡೀಸೆಲ್ಲಿನ ಖರ್ಚೂ ಮನೆಯನ್ನು ಸೇರಿತು. ವರ್ಷಕ್ಕೆ 24,000 ಕಿಲೋಮೀಟರ ಓಡುವ ಗಾಡಿಯು ಲೀಟರಿಗೆ 12 ಕಿಲೋಮೀಟರ ಕೊಡುವದೆಂದು ಹಿಡಿದರೆ, ವರ್ಷಕ್ಕೆ 2,000 ಲೀಟರ ಬೇಕಾಗುವದು. ಲೀಟರಿಗೆ 90 ರೂಪಾಯಿಯಂತೆ ಎಣಿಸಿದರೆ ಅದು 1,80,000 ರೂಪಾಯಿ. ಇದರಲ್ಲಿ ಶೇಕಡಾ ಒಂದು ಉಳಿದರೆ 1,800 ರೂಪಾಯಿ. ಶೇಕಡಾ ಇಪ್ಪತ್ತು ಉಳಿದರೆ 36,000 ರೂಪಾಯಿ. ಈ ಕೊನೆಯ ಅಂಕಿಯನ್ನು ತೋರಿಸಿಯೇ ಅಯಸ್ಕಾಂತ, ಗುಳಿಗೆ, ನೀರಿನ ಅನಿಲದ ಪೆಟ್ಟಿಗೆ ಮೊದಲಾದವುಗಳನ್ನು ಮಾರುವವರು ಒಕ್ಕಲಿಗನ ಅಂಗಳಕ್ಕೆ ಬರುತ್ತಾರೆ. ಅವರ ಮಾತಿನಲ್ಲಿ ಎಷ್ಟು ತಥ್ಯವಿದೆಯೆಂಬುದನ್ನು ಗ್ರಾಮದ ಹಿರಿಯರು ಅರಿತಿರುವದು ಅವಶ್ಯ. ಏಕೆಂದರೆ ಊರಿನಲ್ಲಿ ಒಬ್ಬರು ಕೊಂಡರೆ ಹತ್ತು ಜನರು ಕೊಳ್ಳುವರು.

ಮೊದಲು ಡೀಸೆಲ್ ಎಲ್ಲಿ ಹೋಗುವದೆಂಬುದನ್ನು ನೋಡತಕ್ಕದ್ದು. ಒಂದು ಲೀಟರ ಡೀಸೆಲ್ಲಿನಲ್ಲಿರುವ ಶಕ್ತಿಯ ಸುಮಾರು ಮೂರನೆಯ ಒಂದು ಪಾಲು ಮಾತ್ರ ಗಾಲಿಯನ್ನು ತಿರುಗಿಸುವ ಕೆಲಸಕ್ಕೆ ದೊರೆಯುವದು. ಉಳಿದದ್ದು ಕಾವಾಗಿ ಹೊಗೆಕೊಳವೆಯಿಂದಲೂ ನೀರುಪೆಟ್ಟಿಗೆಯಿಂದಲೂ ಹೊರಬೀಳುವದು. ದೊರೆತ ಶಕ್ತಿಯು ಗಾಳಿಯನ್ನು ಸೀಳುವದಕ್ಕೂ, ಟಾಯರು ನೆಲದ ಮೇಲೆ ಅಮುಕುತ್ತ ಉರುಳುವದಕ್ಕೂ, ನಿಂತ ಭಾರವನ್ನು ಓಡುವಂತೆ ಮಾಡುವದಕ್ಕೂ, ಏರನ್ನು ಹತ್ತುವದಕ್ಕೂ ವೆಚ್ಚವಾಗುವದು. ಈ ಖರ್ಚುಗಳಲ್ಲಿ ಯಾವದಾದರೊಂದನ್ನು ಕಡಿಮೆ ಮಾಡುವ ಸಾಧನವು ಡೀಸೆಲ್ಲನ್ನು ಉಳಿಸೀತು. ಯಾವದನ್ನೂ ಕಡಿಮೆ ಮಾಡದ ಸಾಧನವು ಎಷ್ಟು ಬೆಲೆಯದಾದರೂ ಉಳಿಸಲಾರದು. ಹಿಂದೆ ಚಕ್ಕಡಿಯ ಕಬ್ಬಿಣದ ಹಳಿಯ ಗಾಲಿಗೆ ಬದಲಾಗಿ ರಬ್ಬರಿನ ಟಾಯರು ಬಂದಾಗ ಎತ್ತುಗಳ ಶ್ರಮವು ನಿಜವಾಗಿ ಇಳಿಯಿತು. ಉರುಳುವ ತಡೆಯು ಕಡಿಮೆಯಾದದ್ದೇ ಅದಕ್ಕೆ ಕಾರಣ. ಎತ್ತಿನ ಕೋಡಿಗೆ ಹಿತ್ತಾಳೆಯ ಅಣಸು ಹಾಕಿದ್ದರಿಂದ ಎಳೆತವು ಹಗುರಾದದ್ದನ್ನು ಯಾರೂ ಕಂಡಿಲ್ಲ.

ಮಾರಾಟಗಾರರಲ್ಲಿ ಹೆಚ್ಚಿನವರು ಹೇಳುವ ಮಾತೆಂದರೆ, "ನಮ್ಮ ಸಾಧನದಿಂದ ಡೀಸೆಲ್ ಪೂರ್ಣವಾಗಿ ಉರಿಯುವದು" ಎಂಬುದು. ಸುಸ್ಥಿತಿಯಲ್ಲಿರುವ ಈಗಿನ ಡೀಸೆಲ್ ಎಂಜಿನಿನಲ್ಲಿ ನೂರಕ್ಕೆ 98 ಪಾಲಿಗಿಂತ ಹೆಚ್ಚು ಎಣ್ಣೆಯು ಮೊದಲೇ ಉರಿದುಹೋಗುತ್ತಿರುವದು. ಉರಿಯದೆ ಉಳಿಯುವ ಒಂದೆರಡು ಪಾಲನ್ನು ಸಂಪೂರ್ಣವಾಗಿ ಉರಿಸಿದರೂ ದೊರೆಯುವ ಲಾಭವು ಆ ಒಂದೆರಡು ಪಾಲೇ ಹೊರತು ಇಪ್ಪತ್ತಲ್ಲ. ಗಾಡಿಯು ಕಪ್ಪು ಹೊಗೆಯನ್ನುಗುಳುತ್ತಿದ್ದರೆ ಇಂಜೆಕ್ಟರ, ಗಾಳಿಯ ಜರಡಿ ಅಥವಾ ಟರ್ಬೊ ಕೆಟ್ಟಿದೆಯೆಂದು ತಿಳಿದು ಅದನ್ನು ದುರಸ್ತಿ ಮಾಡಿಸಬೇಕು.

ಎಣ್ಣೆಯ ನಳಿಗೆಗೆ ಕಟ್ಟುವ ಅಯಸ್ಕಾಂತದ ವಿಷಯದಲ್ಲಿ ಬಹಳ ಹೇಳತಕ್ಕದ್ದಿಲ್ಲ. ಡೀಸೆಲ್ಲು ಅಯಸ್ಕಾಂತಕ್ಕೆ ವಶವಾಗುವ ವಸ್ತುವಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಪರಿಸರ ಸಂರಕ್ಷಣಾ ಸಂಸ್ಥೆಯು ಎಣ್ಣೆಯುಳಿಸುವವೆಂದು ಹೇಳಲಾದ ನೂರಕ್ಕೂ ಮಿಕ್ಕಿದ ಸಾಧನಗಳನ್ನು ಪರೀಕ್ಷಿಸಿ ನೋಡಿತು. ಅವುಗಳಲ್ಲಿ ಬಹುತೇಕ ಎಲ್ಲವೂ ನಿರುಪಯೋಗಿಗಳೆಂದು ಕಂಡುಬಂದವು. ಕೆಲವು ಎಂಜಿನಿಗೇ ಹಾನಿ ತಟ್ಟಿಸುವಂಥವಾಗಿದ್ದವು.

ನೀರಿನಿಂದ ಅನಿಲ ಮಾಡುವ ಪೆಟ್ಟಿಗೆಯು ವಿದ್ಯಾವಂತರನ್ನೂ ಮೋಸಗೊಳಿಸುವದರಿಂದ ಅದನ್ನು ಸ್ವಲ್ಪ ವಿವರಿಸಬೇಕು. ನೀರನ್ನು ವಿದ್ಯುತ್ತಿನಿಂದ ಒಡೆದರೆ ಜಲಜನಕ, ಆಮ್ಲಜನಕ ಹುಟ್ಟುವದು ನಿಜ. ಜಲಜನಕವು ಉರಿಯುವದೂ ನಿಜ. ಆದರೆ ಆ ವಿದ್ಯುತ್ತು ಎಂಜಿನು ತಿರುಗಿಸುವ ಆಲ್ಟರ್ನೇಟರದಿಂದಲೇ ಬರತಕ್ಕದ್ದು. ಎಂಜಿನಿನ ನೂರು ಪಾಲು ಶ್ರಮದಲ್ಲಿ ಆಲ್ಟರ್ನೇಟರದಿಂದ ಸುಮಾರು 55 ಪಾಲು ವಿದ್ಯುತ್ತಾಗಿ ಬಂದೀತು. ಅದರಲ್ಲಿ 33ರಷ್ಟು ಪಾಲು ಅನಿಲದಲ್ಲಿ ಸೇರೀತು. ಆ ಅನಿಲವು ಎಂಜಿನಿನಲ್ಲಿ ಉರಿದಾಗ ಅದರ ಮೂರನೆಯ ಒಂದು ಪಾಲು, ಎಂದರೆ 11 ಪಾಲು ಮಾತ್ರ ಶ್ರಮವಾಗಿ ಮರಳೀತು. ನೂರು ಕೊಟ್ಟು ಹನ್ನೊಂದನ್ನು ಪಡೆಯುವ ಈ ವ್ಯಾಪಾರವು, ಬಾವಿಯ ನೀರೆತ್ತುವ ಎತ್ತುಗಳಿಗೆ ಮೇವಾಗಲೆಂದು ಆ ನೀರಿನಿಂದಲೇ ಒಂದು ಮಡಿಯ ಹುಲ್ಲನ್ನು ಬೆಳೆದು ಲಾಭವಾಯಿತೆಂದು ಹೇಳಿದಂತೆ.

1939ರಿಂದ 1945ರ ವರೆಗಿನ ಯುದ್ಧಕಾಲದಲ್ಲಿ ಪೆಟ್ರೋಲು ಹಂಚಿಕೆಗೆ ಒಳಪಟ್ಟಾಗ ನಮ್ಮ ದೇಶದ ಅನೇಕ ಬಸ್ಸುಗಳ ಬೆನ್ನಿಗೆ ಇದ್ದಲಿನ ಒಲೆಯನ್ನು ಜೋಡಿಸಿ ಓಡಿಸಿದ್ದುಂಟು. ಆ ಜೋಡಣೆಯು ಪೆಟ್ರೋಲನ್ನು ನಿಜವಾಗಿ ಉಳಿಸಿತು. ಆದರೆ ಅಲ್ಲಿ ಪೆಟ್ರೋಲಿನ ಬದಲು ಇದ್ದಲು ಉರಿಯುತ್ತಿತ್ತು; ಬಸ್ಸಿನ ಬಲವೂ ಕುಂದಿತ್ತು. ಇಂಧನವನ್ನೇ ಬದಲಿಸುವದು ಬೇರೆ, ಅದೇ ಇಂಧನದಿಂದ ಹೆಚ್ಚು ಹಾದಿ ಕ್ರಮಿಸುವದು ಬೇರೆ. ಇಂದು ಮಂಜೂರಾದ ಸಿ.ಎನ್.ಜಿ. ಜೋಡಣೆಯನ್ನು ಅಧಿಕೃತ ಕೇಂದ್ರದಲ್ಲಿ ಮಾಡಿಸಿ ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳುವವರು ಮೊದಲನೆಯ ಗುಂಪಿಗೆ ಸೇರಿದವರು. ಅವರ ಲೆಕ್ಕವು ಎರಡು ಇಂಧನಗಳ ಬೆಲೆಯ ಅಂತರದ್ದು.

ಎಂಜಿನಿನ ಗಣಕದ ಆಜ್ಞೆಗಳನ್ನು ತಿದ್ದಿಸುವ ರೂಢಿಯು ತರುಣ ಚಾಲಕರಲ್ಲಿ ಬೆಳೆದಿದೆ. ಇದರಿಂದ ಎಳೆತವು ಹೆಚ್ಚುವದುಂಟು, ಸಾವಕಾಶವಾಗಿ ನಡೆಸುವವನಿಗೆ ಅಲ್ಪ ಉಳಿತಾಯವೂ ಆಗಬಹುದು. ಆದರೆ ಬಲ ಹೆಚ್ಚಿದ ಗಾಡಿಯನ್ನು ಸಾವಕಾಶವಾಗಿ ನಡೆಸುವ ತರುಣರು ವಿರಳ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ ಸ್ಟೇಜ್-6 ನಿಯಮಕ್ಕೊಳಪಟ್ಟ ಗಾಡಿಗಳಲ್ಲಿ ಹೊಗೆ ಶುದ್ಧಮಾಡುವ ಸಾಧನವನ್ನು ಕಿತ್ತುಹಾಕಿಸುವದು ಕಾಯಿದೆಗೆ ವಿರುದ್ಧ. ಗಾಡಿಯ ಕಂಪನಿಯು ಕೊಟ್ಟ ಭರವಸೆಯ ಹಕ್ಕೂ ಅದರೊಂದಿಗೆ ಹೋಗುವದು.

ಇನ್ನು ಗಾಳಿಯ ಜರಡಿ. ದುಬಾರಿ ಜರಡಿಯಿಂದ ಡೀಸೆಲ್ ಉಳಿಯುವದೆಂಬ ನಂಬಿಕೆಯು ಹಳೆಯ ಕಾರ್ಬ್ಯುರೇಟರ ಕಾಲದ್ದು. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಮುಚ್ಚಿಹೋದ ಜರಡಿಗಳನ್ನಿಟ್ಟು ಪೆಟ್ರೋಲು ಗಾಡಿಗಳನ್ನು ಓಡಿಸಿ ನೋಡಿದಾಗ, ಗಣಕವುಳ್ಳ ಹೊಸ ಗಾಡಿಗಳಲ್ಲಿ ಎಣ್ಣೆಯ ಖರ್ಚು ಬಹುತೇಕ ಬದಲಾಗದೆ ವೇಗ ಪಡೆಯುವ ಶಕ್ತಿಯು ಮಾತ್ರ ಕುಂದಿತು. ಕಾರ್ಬ್ಯುರೇಟರದ ಹಳೆಯ ಗಾಡಿಯಲ್ಲಿ ಶೇಕಡಾ 2ರಿಂದ 6ರ ವರೆಗೆ ಅಂತರ ಕಂಡಿತು. ಆದರೂ ಕಬ್ಬಿನ ಹಂಗಾಮಿನಲ್ಲಿ ಚಿಂಚಲಿಯ ಹಾದಿಗಳ ಧೂಳು ಸಾಮಾನ್ಯವಾದದ್ದಲ್ಲ. ಜರಡಿಯನ್ನು ಕಾಲಕ್ಕೆ ಬದಲಿಸತಕ್ಕದ್ದು; ಬದಲಿಸುವದು ಎಂಜಿನಿನ ಆಯುಷ್ಯಕ್ಕಾಗಿ ಎಂದು ತಿಳಿದಿದ್ದರೆ ಸಾಕು.

ಮೇಲೆ ಹೇಳಿದವೆಲ್ಲ ಉಳಿಸದ ಸಾಧನಗಳು. ಉಳಿತಾಯದ ಉದ್ದೇಶವಿಲ್ಲದೆ ಹಾಕಿಸಿ ಡೀಸೆಲ್ಲನ್ನು ನುಂಗುತ್ತಿರುವ ಜೋಡಣೆಗಳು ಈ ಭಾಗದಲ್ಲಿ ಇನ್ನೂ ಹೆಚ್ಚು, ಮತ್ತು ಅವುಗಳ ಕಡೆಗೆ ಯಾರ ಲಕ್ಷ್ಯವೂ ಇಲ್ಲ. ಮುಂಗಟ್ಟಿನ ಕಬ್ಬಿಣದ ಗಾರ್ಡು, ತಲೆಯ ಮೇಲಿನ ಕ್ಯಾರಿಯರು, ಎತ್ತರಿಸಿದ ಕಬ್ಬಿಣದ ಪಂಜರ, ಹೆಚ್ಚುವರಿ ಪಾಟಾಗಳು, ಅಗಲವಾದ ಟಾಯರುಗಳು ಇವೆಲ್ಲ ಅಂಥವು. ಸುಮಾರು 45 ಕಿಲೋಗ್ರಾಂ ಅನಾವಶ್ಯಕ ಭಾರವು ಸಾಧಾರಣ ಕಾರಿನಲ್ಲಿ ಶೇಕಡಾ ಒಂದರಷ್ಟು ಖರ್ಚನ್ನು ಹೆಚ್ಚಿಸುವದೆಂದು ಅಮೆರಿಕದ ಸರಕಾರಿ ಲೆಕ್ಕ. ಭಾರವಾದ ಪಿಕಪ್ಪಿನಲ್ಲಿ ಪ್ರಮಾಣವು ಸ್ವಲ್ಪ ಕಡಿಮೆಯಾದರೂ, ಪಂಜರವು ಖಾಲಿ ಗಾಡಿಯೊಂದಿಗೆ ವರ್ಷವಿಡೀ ಓಡುವದೆಂಬುದನ್ನು ಮರೆಯಬಾರದು. ಕ್ಯಾರಿಯರಿನ ಮೇಲೆ ಸಾಮಾನು ಹೇರಿ ಹೆದ್ದಾರಿಯಲ್ಲಿ ಓಡಿದರೆ ಅದೇ ಲೆಕ್ಕದ ಪ್ರಕಾರ ಕಾರಿಗೆ ಶೇಕಡಾ 6ರಿಂದ 17ರ ವರೆಗೆ ನಷ್ಟ. ಗಾಳಿಯ ತಡೆಯು ವೇಗದ ವರ್ಗಕ್ಕನುಸಾರವಾಗಿ ಬೆಳೆಯುವದರಿಂದ, 60ರಲ್ಲಿ ಓಡುವ ಗಾಡಿಯು 80ಕ್ಕೆ ಏರಿದರೆ ತಡೆಯು ಒಂದೂಮುಕ್ಕಾಲು ಪಟ್ಟಾಗುವದು. ನಿಪ್ಪಾಣಿಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯನ್ನು ಸೇರಿದೊಡನೆ ಚಾಲಕನ ಕಾಲು ಭಾರವಾಗುವದು ಎಲ್ಲರಿಗೂ ಗೊತ್ತಿರುವ ಮಾತು. 1978ರಲ್ಲಿ ಸ್ಥಾಪಿತವಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನ ಸಂಸ್ಥೆಯು ಗಂಟೆಗೆ 45ರಿಂದ 55 ಕಿಲೋಮೀಟರ ವೇಗವನ್ನು ಸೂಚಿಸುತ್ತ ಬಂದದ್ದು ಈ ಕಾರಣದಿಂದಲೇ.

ಹಿಂದಿನ ಫಳಿಯನ್ನು ಇಳಿಬಿಟ್ಟು ಓಡಿಸಿದರೆ ಗಾಳಿಯು ಸರಾಗವಾಗಿ ಹಾಯ್ದುಹೋಗುವದೆಂದು ತಿಳಿಯುವವರುಂಟು. ಪರೀಕ್ಷೆಯಲ್ಲಿ ಇದು ತಿರುವುಮುರುವಾಗಿ ಕಂಡಿದೆ. ಫಳಿ ಮುಚ್ಚಿದ್ದರೆ ಪೆಟ್ಟಿಗೆಯೊಳಗೆ ಗಾಳಿಯು ಸುಳಿದುನಿಂತು ಒಂದು ಮೆತ್ತೆಯಂತಾಗಿ ಮೇಲಿನ ಗಾಳಿಯನ್ನು ದಾಟಿಸುವದು. ಸಡಿಲಾಗಿ ಪಟಪಟಿಸುವ ತಾಡಪತ್ರಿಯು ಮಾತ್ರ ನಿಶ್ಚಯವಾಗಿ ಹಾನಿಕರ. ಅದನ್ನು ತಗ್ಗಾಗಿ, ಬಿಗಿಯಾಗಿ ಕಟ್ಟಬೇಕು.

ನಿಜವಾಗಿ ಉಳಿಸುವ ಬದಲಾವಣೆಗಳು ಇಲ್ಲವೆಂದಲ್ಲ. ಗಾಡಿಗೆ ಒಪ್ಪುವ ಅಳತೆಯ ರೇಡಿಯಲ್ ಟಾಯರು ಹಳೆಯ ಕ್ರಾಸ್-ಪ್ಲೈ ಟಾಯರಿಗಿಂತ ಸುಲಭವಾಗಿ ಉರುಳುವದು. ಕಂಪನಿಯು ಹೇಳಿದ ದರ್ಜೆಯ ಎಂಜಿನ ಆಯಿಲ್ ಹಾಕುವದರಿಂದ ಶೇಕಡಾ ಒಂದೆರಡು ಉಳಿದೀತು. ಟಾಯರಿನ ಗಾಳಿಯು ನಾಲ್ಕೂ ಗಾಲಿಗಳಲ್ಲಿ ಒಂದೊಂದು ಪೌಂಡು ಇಳಿದರೆ ಶೇಕಡಾ 0.2ರಷ್ಟು ನಷ್ಟ, ಹತ್ತು ಪೌಂಡು ಇಳಿದಿರುವ ಗಾಡಿಗಳು ಅಪರೂಪವಲ್ಲ, ಮತ್ತು ಗಾಳಿ ತುಂಬುವದಕ್ಕೆ ಹಣ ಬೇಕಾಗುವದಿಲ್ಲ. ಹತ್ತಾರು ಕಿಲೋಮೀಟರ ಓಡಿಬಂದ ಮೇಲೆ ಗಾಲಿಯ ಗುಂಬಕ್ಕೆ ಹುಷಾರಾಗಿ ಕೈ ಹತ್ತಿರ ಹಿಡಿದು ನೋಡತಕ್ಕದ್ದು. ಒಂದು ಗಾಲಿ ಉಳಿದವುಗಳಿಗಿಂತ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆಯೆಂದರ್ಥ. ಚಕ್ಕಡಿಗೆ ಕೀಲೆಣ್ಣೆ ಹಾಕುವದನ್ನು ಮರೆಯದ ಮನೆತನಗಳು ಪಿಕಪ್ಪಿನ ಬ್ರೇಕನ್ನು ವರ್ಷಗಟ್ಟಲೆ ಬಿಚ್ಚಿಸದಿರುವದು ಆಶ್ಚರ್ಯದ ಸಂಗತಿ.

ಇಷ್ಟಾದರೂ "ಹಾಕಿಸಿದ ಮೇಲೆ ನಮ್ಮ ಗಾಡಿ ಎರಡು ಕಿಲೋಮೀಟರ ಹೆಚ್ಚು ಕೊಡುತ್ತಿದೆ" ಎಂದು ಪ್ರಾಮಾಣಿಕರಾದ ಒಕ್ಕಲಿಗರೇ ಹೇಳುವದುಂಟು. ಅವರು ಸುಳ್ಳು ಹೇಳುವದಿಲ್ಲ. ಅಳತೆಯು ಅವರನ್ನು ವಂಚಿಸುವದು. ಪಂಪಿನಲ್ಲಿ ಟಾಂಕಿ ತುಂಬಿದಾಗ ನೊರೆಯ ಕಾರಣದಿಂದಲೂ ಗಾಡಿಯು ವಾರೆಯಾಗಿ ನಿಂತ ಕಾರಣದಿಂದಲೂ ಒಂದು ಲೀಟರ ಹೆಚ್ಚುಕಡಿಮೆ ಹಿಡಿಯುವದು ಸಹಜ. 20 ಲೀಟರ ತುಂಬಿಸಿದಾಗ ಆ ಒಂದು ಲೀಟರು ಶೇಕಡಾ 5 ಆಯಿತು. ಸವೆದ ಟಾಯರಿನ ಸುತ್ತಳತೆಯು ಚಿಕ್ಕದಾದ್ದರಿಂದ ಮೀಟರು ಶೇಕಡಾ ಎರಡರಷ್ಟು ಹೆಚ್ಚು ಹಾದಿಯನ್ನು ತೋರಿಸುವದು. ಹೊಸ ಸಾಧನ ಕೂಡಿಸಿದ ಮೊದಲ ವಾರದಲ್ಲಿ ಚಾಲಕನು ತಾನರಿಯದೆಯೇ ಸಾವಕಾಶವಾಗಿ ನಡೆಸುವದೂ ಉಂಟು. ಇವೆಲ್ಲ ಕೂಡಿ ಶೇಕಡಾ ಹತ್ತರ ಭ್ರಮೆಯನ್ನು ಹುಟ್ಟಿಸಲು ಸಾಕು.

ಆದಕಾರಣ ಪರೀಕ್ಷೆ ಮಾಡಲಿಚ್ಛಿಸುವವರು ಈ ಕ್ರಮವನ್ನನುಸರಿಸಬೇಕು. ಒಂದೇ ಪಂಪಿನಲ್ಲಿ, ಬೆಳಗಿನ ತಂಪಿನಲ್ಲಿ, ಸಮನೆಲದ ಮೇಲೆ ಗಾಡಿ ನಿಲ್ಲಿಸಿ, ನಳಿಗೆಯು ತಾನಾಗಿ ಮೊದಲ ಸಲ ನಿಂತ ಕೂಡಲೆ ತುಂಬಿಸುವದನ್ನು ಬಿಡಬೇಕು. ಒಂದು ಸಲದ ಲೆಕ್ಕವನ್ನು ನಂಬದೆ, ಐದು ಸಲ ತುಂಬಿಸಿದ ಒಟ್ಟು ಲೀಟರಿನಿಂದ ಒಟ್ಟು ಕಿಲೋಮೀಟರನ್ನು ಭಾಗಿಸಬೇಕು. ಹೀಗೆ ಮಾಡಿದರೆ ಮೊದಲ ಹಾಗೂ ಕೊನೆಯ ತುಂಬುವಿಕೆಯ ತಪ್ಪು ಮಾತ್ರ ಉಳಿದು, ನೂರು ಲೀಟರಿನ ಮೇಲೆ ಶೇಕಡಾ ಒಂದೆರಡಕ್ಕೆ ಇಳಿಯುವದು. ಹಾದಿಯು ಒಂದೇ ಇರಲಿ. ಉದಾಹರಣೆಗೆ ಚಿಂಚಲಿಯಿಂದ ರಾಯಬಾಗ, ಚಿಕ್ಕೋಡಿ ಮಾರ್ಗವಾಗಿ ನಿಪ್ಪಾಣಿ, ಮತ್ತೆ ಮರಳಿ. ಹೇರು, ಚಾಲಕ, ಟಾಯರಿನ ಗಾಳಿ ಇವೂ ಒಂದೇ ಇರಲಿ. ಮೊದಲು ಸಾಧನವಿಲ್ಲದೆ, ಆಮೇಲೆ ಸಾಧನದೊಂದಿಗೆ, ಕೊನೆಗೆ ಅದನ್ನು ತೆಗೆದುಹಾಕಿ, ಹೀಗೆ ಮೂರು ಸರತಿ ನೋಡತಕ್ಕದ್ದು. ಮಧ್ಯದ ಸರತಿಯು ಎರಡೂ ಕಡೆಯವುಗಳಿಗಿಂತ ಸ್ಪಷ್ಟವಾಗಿ ಮೇಲಾದರೆ ಮಾತ್ರ ಸಾಧನಕ್ಕೆ ಯಶಸ್ಸು ಕೊಡಬಹುದು. ಅದನ್ನು ಕೂಡಿಸಿದ ಸಂಗತಿಯು ಚಾಲಕನಿಗೆ ತಿಳಿಯದಿದ್ದರೆ ಇನ್ನೂ ಉತ್ತಮ. ಇಂಥ ಪರೀಕ್ಷೆಗೆ ಒಪ್ಪಿ, ಫಲ ಬಂದ ಮೇಲೆ ಹಣ ಪಡೆಯಲು ಸಿದ್ಧನಾದ ಮಾರಾಟಗಾರನ ಮಾತನ್ನು ಮಾತ್ರ ಗ್ರಾಮದ ಹಿರಿಯರು ಕೇಳಿಕೊಳ್ಳಬಹುದು.

ಕಾಯಿದೆಯ ಮಾತೂ ಇದೆ. 1988ರ ಮೋಟಾರ ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿಯ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಬದಲಿಸಲಾಗದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಶಿಕ್ಷೆ, ಅಥವಾ ಎರಡೂ ವಿಧಿಸಬಹುದಾಗಿದೆ. ಮುಂಗಟ್ಟಿನ ಗಾರ್ಡನ್ನು ತಡೆಯಬೇಕೆಂದು ಕೇಂದ್ರ ಸರಕಾರವು 2017ರ ಡಿಸೆಂಬರದಲ್ಲಿಯೇ ರಾಜ್ಯಗಳಿಗೆ ಬರೆದಿತ್ತು. ಅಪಘಾತವಾದಾಗ ವಿಮೆಯವರು ಮೊದಲು ನೋಡುವದೂ ಇಂಥ ಜೋಡಣೆಗಳನ್ನೇ. ಸಂದೇಹವಿದ್ದವರು ಹಣ ಕೊಡುವ ಮೊದಲೇ ಚಿಕ್ಕೋಡಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಎಲ್ಲಕ್ಕೂ ದೊಡ್ಡ ಉಳಿತಾಯವು ಗಾಡಿಗೆ ಏನನ್ನೂ ಜೋಡಿಸದೆ ಆಗತಕ್ಕದ್ದು. ಒಂದೇ ಓಣಿಯಿಂದ ಮೂರು ಪಿಕಪ್ಪುಗಳು ಅರೆಬರೆ ಹೇರಿಕೊಂಡು ಒಂದೇ ಪೇಟೆಗೆ ಹೋಗಿ, ಮೂರೂ ಖಾಲಿಯಾಗಿ ಮರಳುವದು ನಿತ್ಯದ ನೋಟ. ಮೂರರ ಹೇರು ಎರಡಕ್ಕೆ ಸರಿಯಾಗಿ ಹೊಂದುವದಾದರೆ, ನೋಂದಣಿ ಪತ್ರದಲ್ಲಿಯ ಮಿತಿಯನ್ನು ಮೀರದೆ ಎರಡರಲ್ಲಿ ಒಯ್ದಾಗ ಉಳಿಯುವದು ಹೆಚ್ಚುಕಡಿಮೆ ಒಂದು ಗಾಡಿಯ ಪೂರ್ತಿ ಡೀಸೆಲ್ಲು. ಮರಳುವಾಗ ಗೊಬ್ಬರ, ಬೀಜ, ಹಿಂಡಿಗಳನ್ನು ತರುವ ಸರತಿಯನ್ನು ಪೇಟೆಯ ಹಿಂದಿನ ಸಂಜೆ ಚಾವಡಿಯಲ್ಲಿ ಕೂತು ಗೊತ್ತುಪಡಿಸಿದರೆ, ಯಾರ ಗಾಡಿ ಹೋಗಬೇಕು, ಯಾರು ಎಷ್ಟು ಕೊಡಬೇಕು ಎಂಬ ತಂಟೆಯೂ ಅಲ್ಲಿಯೇ ತೀರುವದು.